ಒಣ ಅಂಗೈ

ಮದುವೆಯಾದ ಒಂಬತ್ತನೆಯ ದಿನ ನನ್ನ ಗಂಡ ಮುಖ ನೋಡುವ ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ, "ಇದರ ಮೇಲೆ ಅಂಗೈ ಊರು" ಅಂದರು. ಊರಿದೆ. "ಈಗ ತೆಗಿ." ತೆಗೆದೆ. ಗಾಜಿನ ಮೇಲೆ ಮೂಡಿದ್ದ ನನ್ನ ಕೈಯ ಮಂಜು ಅವರು ಎರಡು ಎಣಿಸುವಷ್ಟರಲ್ಲಿ ಮಾಯವಾಯಿತು. ಆಮೇಲೆ ತಮ್ಮ ಕೈ ಊರಿ ತೋರಿಸಿದರು. ಇಪ್ಪತ್ತು ಎಣಿಸಿದರೂ ಐದು ಬೆರಳೂ ಒದ್ದೆಯಾಗಿ ಹಾಗೇ ನಿಂತಿದ್ದವು.

"ನೋಡಿದ್ಯಾ? ನಿಂದು ಚಿನ್ನದಂಥ ಕೈ."

ಅದುವರೆಗೆ ನನ್ನ ಕೈಯನ್ನು ಯಾರೂ ಹೊಗಳಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು.

ಅವರು ನೋಂದಣಿ ಕಚೇರಿಯಲ್ಲಿ ಗುಮಾಸ್ತರು. ಬರೆಯುವಾಗ ಕಾಗದ ನೆನೆಯದಿರಲೆಂದು ಮಣಿಕಟ್ಟಿನ ಕೆಳಗೆ ಸದಾ ಮಡಿಸಿದ ಕರವಸ್ತ್ರ. ಜೀವವೆಲ್ಲ ಮಾತ್ರ ಹಳೆಯ ತಾಮ್ರದ ಕಾಸುಗಳ ಮೇಲೆ. ತಾಮ್ರಕ್ಕೆ ಬೆವರು ವಿಷ. ಮುಟ್ಟಿದ ದಿನ ಏನೂ ಕಾಣದು. ತಿಂಗಳೊಪ್ಪತ್ತಿನಲ್ಲಿ ಬೆರಳಿನ ಗೆರೆಗಳು ಕಾಸಿನ ಮೇಲೆ ಕಪ್ಪಗೆ ಏಳುತ್ತವೆ. ಉಜ್ಜಿದರೆ ಮುನ್ನೂರು ವರ್ಷದ ಮೈಬಣ್ಣವೇ ಕಿತ್ತು ಬರುತ್ತದೆ. ಬಟ್ಟೆಯ ಕೈಗವಸು ಹಾಕಿದಾಗ ಒಂದು ಕಾಸು ಜಾರಿ ಬಿದ್ದು ಅಂಚು ನೆಗ್ಗಿದ್ದನ್ನು ಅವರು ಇಂದಿಗೂ ಮರೆತಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಕಾಸು ನೋಡಲು ಬಂದವರ ಮುಂದೆ ಅವರದು ಮಾತು, ನನ್ನದು ಕೈ. "ತಿರುಗಿಸು" ಅಂದರೆ ತಿರುಗಿಸಬೇಕು, "ಬೆಳಕಿಗೆ ಹಿಡಿ" ಅಂದರೆ ಹಿಡಿಯಬೇಕು. ಶನಿವಾರ ಸಂಜೆಯಿಂದಲೇ ಕೈಗೆ ಎಣ್ಣೆಯಿಲ್ಲ, ಕ್ರೀಮಿಲ್ಲ, ಈರುಳ್ಳಿ ಹೆಚ್ಚುವಂತಿಲ್ಲ.

ಅವರು ಗದರುವವರಲ್ಲ. ಅದೇ ಕಷ್ಟ. ಅಕ್ಕ ಕಾಲು ಮುರಿದುಕೊಂಡಾಗ ಒಂದು ತಿಂಗಳು ಇದ್ದು ಬರುತ್ತೇನೆ ಎಂದೆ. "ಹೋಗ್ಬಾ, ಕಾಸಿನ ತಟ್ಟೆಗಳನ್ನ ಮುಚ್ಚಿಟ್ಟಿರ್ತೀನಿ" ಎಂದು ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತರು. ಅಕ್ಕನ ಮನೆಗೆ ಹೋದ ಐದನೆಯ ದಿನಕ್ಕೇ ನಾನು ವಾಪಸು ಹೊರಡಲು ಬಟ್ಟೆ ಗಂಟು ಕಟ್ಟಿದೆ.

"ನಿನ್ನ ಗಂಡ ಹೆಂಡತೀನ ತಂದ್ಕೊಂಡಿಲ್ಲ ಕಣೇ, ಇಕ್ಕಳ ತಂದ್ಕೊಂಡಿದ್ದಾನೆ" ಅಂದಳು ಅಕ್ಕ, ಮಲಗಿದಲ್ಲಿಂದಲೇ. ಇಬ್ಬರೂ ನಕ್ಕೆವು. ಬಸ್ಸಿನಲ್ಲಿ ಕೂತ ಮೇಲೆ ನನಗೆ ನಗು ಬರಲಿಲ್ಲ.

ಹೀಗೇ ಇಪ್ಪತ್ತನಾಲ್ಕು ವರ್ಷ. ಈ ವರ್ಷ ನಮ್ಮ ಒಬ್ಬಳೇ ಮಗಳು ಗುಬ್ಬಿಗೆ ಬೇರೆ ಊರಿನಲ್ಲಿ ಸೇತುವೆಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಅಪ್ಪನಿಗೆ ಪತ್ರ ಕೊಟ್ಟು ಉಸಿರು ಹಿಡಿದು ನಿಂತಳು. ಅವರು ಎರಡು ಸಲ ಓದಿ, ಒದ್ದೆಯಾದ ಮೂಲೆಯನ್ನು ಒರೆಸಿ ಹಿಂದಕ್ಕೆ ಕೊಟ್ಟರು.

"ಹೋಗ್ಲಿ ಬಿಡು" ಅಂದರು, ನನ್ನ ಕಡೆ ತಿರುಗಿ. "ಹೇಗೂ ನೀನಿದ್ದೀಯಲ್ಲ."

ಅದೇ ವಾರ ನನಗೆ ಸೆಖೆ ಶುರುವಾಯಿತು. ಮುಟ್ಟು ನಿಲ್ಲುವ ವಯಸ್ಸು. ಎದೆಯಿಂದ ಎದ್ದ ಬಿಸಿ ಕುತ್ತಿಗೆಗೆ, ಕಿವಿಗೆ ಏರಿ, ಆಮೇಲೆ ತೋಳಿಳಿದು ಅಂಗೈಗೆ ಬರುತ್ತಿತ್ತು. ಬಚ್ಚಲಿನ ಬಾಗಿಲು ಹಾಕಿಕೊಂಡು ಅಲ್ಲಿನ ಪುಟ್ಟ ಕನ್ನಡಿಗೆ ಕೈ ಒತ್ತಿ ಎಣಿಸಿದೆ. ಹದಿನೈದು. ಯಾರಿಗೂ ಹೇಳಲಿಲ್ಲ. ‘ನೀನಿದ್ದೀಯಲ್ಲ’ ಅನ್ನುವ ಆ ಒಂದು ಮಾತಿನ ಮೇಲೆ ಗುಬ್ಬಿಯ ಪ್ರಯಾಣ ನಿಂತಿತ್ತು.

ಮುಂದಿನ ಭಾನುವಾರ ವಸ್ತುಸಂಗ್ರಹಾಲಯದ ನಿವೃತ್ತ ಅಧಿಕಾರಿಯೊಬ್ಬರು ಬಂದರು. ನಮ್ಮವರು ನೇರ ಕುಂಟುಕುದುರೆಯ ಕಾಸನ್ನೇ ತೆಗೆಸಿದರು. ಅವರ ಕಾಸುಗಳಿಗೆಲ್ಲ ಅದೇ ರಾಜ. ಮೂರೇ ಕಾಲಿನ ಕುದುರೆ.

"ನಾಲ್ಕನೇದು ಎಲ್ಲಿ ಹೋಯ್ತು ಸ್ವಾಮಿ?"

"ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಟಂಕಸಾಲೆಯಲ್ಲೇ ಒಂದು ಕಾಲು ಹೊರಗುಳೀತು."

"ಪಾಪ! ಅದಕ್ಕೇ ಓಡಿಹೋಗದೆ ನಿಮ್ಮನೇಲಿದೆ."

ಇಬ್ಬರೂ ಗಹಗಹಿಸಿ ನಕ್ಕರು. ಅಂಚನ್ನಷ್ಟೇ ಹಿಡಿದಿದ್ದ ನನ್ನ ಬೆರಳುಗಳಿಗೆ ಆಗಲೇ ಬಿಸಿ ಇಳಿಯಿತು. ಕಾಸು ಜಾರತೊಡಗಿತು. ಬೀಳದಿರಲೆಂದು ಮುಷ್ಟಿ ಬಿಗಿದೆ. ಒಂದು ಕ್ಷಣ, ಅಷ್ಟೇ. ಯಾರೂ ನೋಡಲಿಲ್ಲ. ಕುದುರೆಯನ್ನು ಅದರ ಗುಳಿಯಲ್ಲಿಟ್ಟು ತಟ್ಟೆ ಮುಚ್ಚಿದೆ. ಅಂದಿನಿಂದ ದಿನ ಎಣಿಸಲು ಶುರುಮಾಡಿದೆ: ಗೆರೆ ಏಳುವುದು ಮೊದಲೋ, ಗುಬ್ಬಿ ಬಸ್ಸು ಹತ್ತುವುದು ಮೊದಲೋ?

ಐದು ವಾರ ಕಳೆಯಿತು. ಸೋಮವಾರ ಅವಳು ಹೊರಡಬೇಕು. ಶನಿವಾರ ಮಧ್ಯಾಹ್ನ ನಡುಮನೆಯಲ್ಲಿ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಗುಬ್ಬಿ ಅದರ ಪಕ್ಕ ಕೂತು ಬಟ್ಟೆ ಮಡಚುತ್ತಿದ್ದಳು. ಕಾಸಿನ ಕೋಣೆಯ ಕಿಟಕಿಯ ಬಳಿ ಅವರು ಭೂತಕನ್ನಡಿ ಹಿಡಿದಿದ್ದರು.

"ಏ ಇವಳೇ, ಇಲ್ಲಿ ಬಾ."

ಕುದುರೆಯ ಹೊಟ್ಟೆಯ ಮೇಲೆ ಒಂದು ಹೆಬ್ಬೆರಳು ಸುರುಳಿ ಸುರುಳಿಯಾಗಿ ಎದ್ದಿತ್ತು.

"ಇದು ಯಾರದು?"

"ನಂದು ರೀ."

ಕನ್ನಡಿ ಬಂತು. ಕೈ ಊರಿದೆ. ಹದಿನೆಂಟರವರೆಗೆ ಎಣಿಸಿ ನಿಲ್ಲಿಸಿದರು. ಬೈಯಲಿಲ್ಲ. ಮೇಜಿನ ಮೇಲಿದ್ದ ತಮ್ಮ ಕೈಯನ್ನೂ ನನ್ನ ಕೈಯನ್ನೂ ಎಷ್ಟೋ ಹೊತ್ತು ನೋಡಿದರು. ಆಮೇಲೆ ಮೆತ್ತಗೆ ಕರೆದರು: "ಗುಬ್ಬೀ, ಸ್ವಲ್ಪ ಬಾಮ್ಮ ಇಲ್ಲಿ."

"ಅವಳ್ಯಾಕೆ ಈಗ? ಬಟ್ಟೆ ಜೋಡಿಸ್ತಿದ್ದಾಳೆ."

"ಸುಮ್ನೆ ಅವಳ ಕೈ ನೋಡೋಣ ಅಂತ. ಒಣಗಿದ್ರೆ ಒಂದಾರು ತಿಂಗಳು ಇರ್ಲಿ. ಕೆಲಸ ಇನ್ನೊಂದು ಸಿಗುತ್ತೆ. ಇಂಥ ಕಾಸು ಸಿಗುತ್ತಾ?"

ಆ ಆರು ತಿಂಗಳು ನನಗೆ ಗೊತ್ತು. ನಾನು ಅದರಲ್ಲೇ ಮುದುಕಿಯಾಗುತ್ತಿದ್ದೇನೆ. ಗುಬ್ಬಿಯ ಕೈಯೂ ಗೊತ್ತು. ಚಿಕ್ಕಂದಿನಿಂದ ನನ್ನದರಂತೆಯೇ ಒಣಗಿದ್ದು. ಚಳಿಗಾಲದಲ್ಲಿ ತನ್ನ ತೋಳಿನ ಮೇಲೆ ಉಗುರಿನಿಂದ ಹೆಸರು ಬರೆದುಕೊಂಡು ನಗುತ್ತಿದ್ದಳು. ಇನ್ನು ಅವಳ ಮನಸ್ಸೋ, ಅಪ್ಪ ಬಾಯಿಬಿಟ್ಟು ಕೇಳುವುದೇ ಬೇಡ, ಸಪ್ಪಗೆ ಕೂತರೂ ಸಾಕು, ಕರಗಿಬಿಡುತ್ತಾಳೆ. ನನ್ನ ಹಾಗೆಯೇ.

ಬಾಗಿಲಾಚೆಗೇ ಬಂದು ಅವಳಿಗೆ ಅಡ್ಡ ನಿಂತು ಎರಡೂ ಕೈ ಹಿಡಿದುಕೊಂಡೆ. ಬಿಸಿ ಬೇಕೆಂದಾಗ ಬರುವುದಲ್ಲ. ಆದರೆ ಅಂದು ಬಂತು. ಕಿವಿ ಸುಟ್ಟಿತು, ಬೆನ್ನು ನೆನೆಯಿತು, ಅಂಗೈ ಜಿನುಗಿತು. ಅವಳ ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದೆ.

"ಅಯ್ಯೋ, ಏನಮ್ಮ ನಿನ್ನ ಕೈ ಹೀಗೆ ಬೆವರ್ತಿದೆ!"

"ಬೆವರ್ಲಿ. ಒರೆಸ್ಕೋಬೇಡ. ಅಪ್ಪ ಕನ್ನಡಿ ಮೇಲೆ ಕೈ ಇಡು ಅಂದ್ರೆ ಇಡು" ಅಂದೆ, ಪಿಸುದನಿಯಲ್ಲಿ.

ಅವಳು ನನ್ನ ಮುಖ ನೋಡಿದಳು. ಹುಟ್ಟಿದಂದಿನಿಂದ ಅದೇ ಮನೆಯಲ್ಲಿ ಬೆಳೆದವಳು. ಕನ್ನಡಿ ಯಾತಕ್ಕೆಂದು ಹೇಳಿಕೊಡಬೇಕಿರಲಿಲ್ಲ. ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಒಳಗೆ ಹೋದಳು.

ಅವರು ಎಣಿಸುವುದು ನನಗೆ ಹೊರಗೆ ಕೇಳುತ್ತಿತ್ತು. ಏಳು. ಎಂಟು. ಹನ್ನೊಂದರ ನಂತರ ಸದ್ದಿಲ್ಲ.

"ನಂದೇ ಕೈ" ಅಂದರು ಕೊನೆಗೆ. ದನಿಯಲ್ಲಿ ದುಃಖವಿತ್ತು; ಸ್ವಲ್ಪ ಹೆಮ್ಮೆಯೂ ಇತ್ತು. "ಎಷ್ಟಾದ್ರೂ ನನ್ನ ಮಗಳಲ್ವಾ. ಹೋಗಮ್ಮ, ಬಟ್ಟೆ ಜೋಡಿಸ್ಕೋ."

ಸೋಮವಾರ ಬಸ್ಸಿನ ಕಿಟಕಿಯಿಂದ ಗುಬ್ಬಿ ಕೈ ಚಾಚಿ ನನ್ನ ಕೈ ಹಿಡಿದಳು. "ನೀನೂ ಬಾಮ್ಮ, ನಾಲ್ಕು ದಿನಕ್ಕಾದ್ರೂ." "ಬರ್ತೀನಿ" ಅಂದೆ. ಬಸ್ಸು ಹೊರಟಿತು.

ಆ ವಾರದ ಕೊನೆಗೆ ಅವರು ಕಚೇರಿಯಿಂದ ಬರುವಾಗ ಡಾಕ್ಟರುಗಳು ಹಾಕುವಂಥ ತೆಳು ರಬ್ಬರ್ ಕೈಗವಸುಗಳ ಡಬ್ಬಿ ತಂದರು. ಔಷಧಿ ಅಂಗಡಿಯವನು ಹೇಳಿದನಂತೆ, ಇದು ಜಾರುವುದಿಲ್ಲ, ಬೆವರು ಆಚೆ ಬಿಡುವುದಿಲ್ಲ ಅಂತ. ಒಂದನ್ನು ಎಳೆದು ನೋಡಿದೆ. ಎಂಥ ಕೈಗೂ ಹಿಗ್ಗುತ್ತಿತ್ತು. ಅವರ ಕೈಗೂ ಆಗುತ್ತಿತ್ತು.

ಅದು ಅವರಿಗೂ ಹೊಳೆದಿರಬೇಕು. ಒಂದು ಗಳಿಗೆ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

"ನೂರಿವೆ. ಭಾನುವಾರಕ್ಕೊಂದು ಜೊತೆ ಅಂದ್ರೂ ಹೆಚ್ಚುಕಮ್ಮಿ ಒಂದು ವರ್ಷಕ್ಕೆ ಯೋಚನೆಯಿಲ್ಲ."

ಹಾಕಿಕೊಂಡೆ. "ತಿರುಗಿಸು" ಅಂದರು. ರಬ್ಬರಿನ ಒಳಗೆ ಕೈ ತೊಯ್ದು ತೊಪ್ಪೆಯಾಗಿತ್ತು. ತಿರುಗಿಸಿದೆ.