ಕೇಳಿದವರಿಗೆ ಮಾತ್ರ

ನಮ್ಮ ಕಸುಬಿನಲ್ಲಿ ಎಲ್ಲಿಯೂ ಬರೆದಿಡದ ಕಟ್ಟಳೆಯೊಂದಿದೆ. ಲೈನಿನಲ್ಲಿ ಕರೆಂಟು ಹೋದರೆ ಬ್ಯಾಟರಿಯಿಲ್ಲದ ಮನೆಯ ಸೌರ ಫಲಕಗಳೂ ತಾವಾಗಿಯೇ ನಿಂತುಬಿಡುತ್ತವೆ ಎಂಬ ಸಂಗತಿಯನ್ನು ಕೇಳಿದವರಿಗೆ ಮಾತ್ರ ಹೇಳಬೇಕು. ಕಂಬ ಹತ್ತಿದ ಲೈನ್‌ಮನ್ ನಮ್ಮ ಚಾವಣಿಯ ವಿದ್ಯುತ್ತು ತಗುಲಿ ಸಾಯದಿರಲೆಂದು ಯಂತ್ರವನ್ನು ಹಾಗೆ ರೂಪಿಸಿದ್ದಾರೆ. ಅದರಲ್ಲಿ ವಂಚನೆಯೇನೂ ಇಲ್ಲ. ಆದರೆ ಮೇಲೆ ಬಿಸಿಲು ಸುರಿಯುವಾಗಲೂ ಕೆಳಗೆ ಫ್ಯಾನು ತಿರುಗದೆಂದರೆ ಯಾವ ಗಿರಾಕಿ ತಾನೆ ಸಹಿ ಹಾಕುತ್ತಾನೆ? ಹದಿನಾಲ್ಕು ವರ್ಷ ಊರಿಂದೂರಿಗೆ ಅಲೆಯುತ್ತ ಫಲಕ ಜೋಡಿಸಿದೆ. ಕೆಲಸ ಮುಗಿದ ಮರುದಿನವೇ ಬಸ್ಸು ಹತ್ತುತ್ತಿದ್ದುದರಿಂದ, ನಾನು ಜೋಡಿಸಿದ ಮನೆಯಲ್ಲಿ ಕರೆಂಟು ಹೋದದ್ದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಅಕ್ಕನ ಮನೆ ದರ್ಜಿಯ ಅಂಗಡಿಯ ಮೇಲಿನ ಮೂರನೆಯ ಮಹಡಿ. ಭಾವ ಇಪ್ಪತ್ತೈದು ವರ್ಷ ಗಾಜು ಅರೆಯುವ ಕಾರ್ಖಾನೆಯಲ್ಲಿ ದುಡಿದು ಶ್ವಾಸಕೋಶಗಳನ್ನು ಅಲ್ಲಿಯೇ ಬಿಟ್ಟು ಬಂದಿದ್ದ. ಮಂಚದ ಪಕ್ಕದ ಆಮ್ಲಜನಕದ ಯಂತ್ರ ಹಗಲಿರುಳೂ ಗುರುಗುಟ್ಟುತ್ತಿತ್ತು; ಅದರ ನಳಿಕೆ ಭಾವನ ಮೂಗಿನಿಂದ ಕದಲುವಂತಿರಲಿಲ್ಲ. ಕರೆಂಟು ಹೋದ ಹೊತ್ತಿಗೆಂದು ಅಡುಗೆಮನೆಯ ಮೂಲೆಯಲ್ಲಿ ಆಮ್ಲಜನಕದ ಸಿಲಿಂಡರೊಂದೂ ಹಳೆಯ ಬ್ಯಾಟರಿಯೊಂದೂ ಇದ್ದವು. ಅವರ ಚಾವಣಿಗೆ ಫಲಕ ಜೋಡಿಸಲು ಬಂದಾಗ ಬ್ಯಾಟರಿಯನ್ನು ತೆಗೆಸಿದವನು ನಾನು.

“ಬ್ಯಾಟರಿ ಅಂದ್ರೆ ಬಿಳಿಯಾನೆ ಅಕ್ಕಾ. ಅದನ್ನ ಕೊಟ್ಟುಬಿಟ್ರೆ ಇನ್ನೆರಡು ಫಲಕ ಬರುತ್ತೆ. ಮಿಕ್ಕಿದ ಕರೆಂಟನ್ನ ಕಂಪನಿಗೇ ಮಾರಬಹುದು.”

“ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಅಮ್ಮ ನಿನ್ನ ಬೈತಿದ್ಲು,” ಎಂದಳು ಅಕ್ಕ. “ಕೊನೆಗೂ ಮನೆ ನೆನಪಾಯ್ತಲ್ಲ.”

ಭಾವ ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಂಡು ನಕ್ಕ. “ಇಷ್ಟು ದಿನ ಕರೆಂಟಿನ ಗಿರಾಕಿ... ಈಗ ನಾನೇ ಅಂಗಡಿ ಮಾಲೀಕ. ನಮ್ಮ ಭಾಮೈದ... ಸೂರ್ಯನ ದಲ್ಲಾಳಿ ಕಣೇ.”

ನಾನು ಚಾವಣಿಯಲ್ಲಿ ಕೊನೆಯ ಬೋಲ್ಟು ಬಿಗಿಯುತ್ತಿದ್ದಾಗ ಅಕ್ಕ ಮೆಟ್ಟಿಲ ಬಾಯಿಂದ ಕೂಗಿ ಹೇಳಿದಳು: “ಆ ಸಿಲಿಂಡರ್ ವಾಪಸ್ ಕೊಟ್ಟುಬಿಟ್ಟೆ ಕಣೋ. ಇನ್ಯಾಕದು, ಜಾಗ ದಂಡ.” ನನ್ನ ಗಮನವೆಲ್ಲ ಸ್ಪ್ಯಾನರಿನ ಮೇಲಿತ್ತು. “ಒಳ್ಳೇದಾಯ್ತು ಬಿಡು,” ಎಂದೆ. ಅವಳು ಬೇರೇನನ್ನೂ ಕೇಳಲಿಲ್ಲ. ತಮ್ಮನನ್ನು ಕೇಳುವುದಕ್ಕೇನಿದೆ?

ಐದು ತಿಂಗಳ ಮೇಲೆ, ಕೆಲಸವಿಲ್ಲದ ಒಂದು ವಾರ, ಅವರ ಮನೆಯಲ್ಲಿಯೇ ಉಳಿದಿದ್ದೆ. ಫಲಕ ಹಾಕಿದಂದಿನಿಂದ ಅಲ್ಲಿ ಕರೆಂಟು ಒಮ್ಮೆಯೂ ಹೋಗಿರಲಿಲ್ಲ. ಬೆಳಿಗ್ಗೆ ಹತ್ತು ದಾಟಿತ್ತು. ಫ್ಯಾನು ನಿಧಾನಿಸಿತು, ಭಾವನ ಯಂತ್ರ ಒಂದೇ ಸಮನೆ ಕಿರುಚಿತು. ಅಕ್ಕ ತಲೆಯೆತ್ತಲೂ ಇಲ್ಲ. ಈರುಳ್ಳಿ ಹೆಚ್ಚುತ್ತಲೇ, “ಏನಿಲ್ಲ ರೀ, ಲೈನ್ ಹೋಯ್ತು. ಈಗ ನಮ್ಮದು ಬರುತ್ತೆ,” ಎಂದು ಗಂಡನಿಗೆ ಸಮಾಧಾನ ಹೇಳಿದಳು. ಕಿಟಕಿಯಿಂದ ಬಿದ್ದ ಬಿಸಿಲು ಅವಳ ಕೈಯ ಚಾಕುವಿನ ಮೇಲೆ ಹೊಳೆಯುತ್ತಿತ್ತು. ಇನ್ನೂ ಅರ್ಧ ಈರುಳ್ಳಿ ಮುಗಿದ ಮೇಲೆ ನನ್ನತ್ತ ತಿರುಗಿದಳು.

“ಎಷ್ಟು ಹೊತ್ತು ಹಿಡಿಯುತ್ತೋ ಇದು?”

“ಬರಲ್ಲ ಅಕ್ಕಾ.”

ಮಿಕ್ಕದ್ದನ್ನು ಹೇಳಲು ನಿಲ್ಲದೆ ಮೂರು ಮಹಡಿ ಇಳಿದು ಓಡಿದೆ. ಬೀದಿಯ ತಿರುವಿನಲ್ಲಿ ಲೈನ್‌ಮನ್ ಕಂಬದ ನೆತ್ತಿಯಲ್ಲಿದ್ದ.

“ಅಣ್ಣಾ, ಅರ್ಧ ಗಂಟೆ ಕರೆಂಟ್ ಬಿಡಿಸಿಕೊಡಿ. ಮನೇಲಿ ಆಮ್ಲಜನಕದ ಮೆಷಿನ್ ಇದೆ.”

“ನನ್ನ ಕೈಲೇನಿದೆ? ಮುಂದಿನ ಮೂರು ಕಂಬದಲ್ಲೂ ಜನ ಇದಾರೆ. ತಂತಿ ಕತ್ತರಿಸಿ ಆಗಿದೆ, ಮೂರು ಗಂಟೆ ಆಗುತ್ತೆ.” ಅವನು ಬಗ್ಗಿ ನೋಡಿದ. “ಮೇಲೆ ಫಲಕ ಇರೋ ಮನೆ ತಾನೆ ನಿಮ್ದು? ಅದು ಆಫ್ ಆಗಿದೆಯಾ, ಸರಿಯಾಗಿ ನೋಡಿದ್ದೀರಾ? ನೀವು ಅಲ್ಲಿಂದ ಕರೆಂಟ್ ಬಿಟ್ರೆ ನಾನು ಇಲ್ಲೇ ಹಪ್ಪಳ.”

“ಆಫ್ ಆಗಿದೆ,” ಎಂದೆ. ನನ್ನ ಕೆಲಸದಲ್ಲಿ ಲೋಪವಿರಲಿಲ್ಲ.

ಸಿಲಿಂಡರಿನ ಅಂಗಡಿಯವನು ಪೇಟೆಯ ಆಚೆ ತುದಿಯಿಂದ ಬರಲು ಒಂದು ಗಂಟೆ ಬೇಕೆಂದ. ಆಂಬುಲೆನ್ಸಿನವರು ಫೋನು ಹಿಡಿದುಕೊಂಡೇ ಇರಿ ಎಂದರು. ಕೊನೆಗೆ ದರ್ಜಿಯೂ ನಾನೂ ಸೇರಿ ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸತೊಡಗಿದೆವು. ಅವನ ತುಟಿ ನೀಲಿಗಟ್ಟಿತ್ತು. ಅಕ್ಕ ಮುಂದೆ ಹಿಮ್ಮುಖವಾಗಿ ಇಳಿಯುತ್ತ, “ನನ್ನೇ ನೋಡಿ, ನಿಧಾನ, ನನ್ನೇ ನೋಡಿ,” ಎನ್ನುತ್ತಿದ್ದಳು. ಎರಡನೆಯ ಮಹಡಿಯ ತಿರುವಿನಲ್ಲಿ ಭಾವ ನನ್ನ ಅಂಗಿ ಹಿಡಿದೆಳೆದ.

“ಸೂರ್ಯನ ಅಂಗಡಿ... ಬಾಗಿಲು ಹಾಕಿದೆಯೇನೋ?”

ಅದು ತಮಾಷೆಯೋ, ಅನುಮಾನವೋ ತಿಳಿಯಲಿಲ್ಲ. ಮುಂದಿನ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕುರ್ಚಿಯ ಭಾರ ಬದಲಾಯಿತು. ದರ್ಜಿ ಕುರ್ಚಿಯನ್ನು ಅಲ್ಲಿಯೇ ನೆಲಕ್ಕಿಡೋಣ ಎಂದು ಕಣ್ಣಿನಲ್ಲಿಯೇ ಸೂಚಿಸಿದ. ಅಕ್ಕ ಮಾತ್ರ ಇನ್ನೂ ಎರಡು ಮೆಟ್ಟಿಲು ಹಾಗೆಯೇ ಹಿಮ್ಮುಖವಾಗಿ ಇಳಿದಳು.

ಎಲ್ಲ ಮುಗಿದು ಬಂಧುಗಳು ಹೊರಟುಹೋದ ಮೇಲೆ ಅವಳು ಕೇಳಿದಳು.

“ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಕೇಳಿದ್ರೆ ಹೇಳ್ತಿದ್ಯಾ?”

“ಹೇಳ್ತಿದ್ದೆ.”

ತಪ್ಪು ತನ್ನದೇ ಎನ್ನುವಂತೆ ಅವಳು ತಲೆಯಾಡಿಸಿದಳು. ಬೈದಿದ್ದರೆ, ಹೊರಗೆ ದಬ್ಬಿದ್ದರೆ, ನಾನು ಎಲ್ಲಿಗಾದರೂ ಹೋಗಿ ಬದುಕಿಕೊಳ್ಳುತ್ತಿದ್ದೆನೇನೋ.

ಜೋಡಿಸಿದ ಮನೆಗಳಿಗೆಲ್ಲ ಹೋಗಿ ಹೇಳಿ ಬರುತ್ತೇನೆಂದು ಹೊರಟೆ. ಬಹಳಷ್ಟು ಮನೆಗಳ ದಾರಿಯೇ ಮರೆತಿತ್ತು. ಊರುಗಳು ಒಂದರೊಳಗೊಂದು ಕಲಸಿಹೋಗಿದ್ದವು. ನೆನಪಿದ್ದ ಮೊದಲ ಮನೆಯಲ್ಲಿ ಶಾಲೆಯ ಮೇಷ್ಟ್ರೊಬ್ಬರು ಬಾಗಿಲು ತೆರೆದು, ಕೂರಿಸಿ, ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ಒಳಕೋಣೆಯಲ್ಲಿ ಯಾರೋ ಒಣಕೆಮ್ಮು ಕೆಮ್ಮುತ್ತಿದ್ದರು.

“ಬ್ಯಾಟರಿ ಇಟ್ರೆ ಎಷ್ಟಾಗುತ್ತೆ?”

ಹೇಳಿದೆ.

“ಅಯ್ಯೋ, ಬಿಡಿ. ನಮ್ಮ ಲೈನ್ ಹೋಗೋದೇ ಅಪರೂಪ.” ಅವರು ಎದ್ದು ನಿಂತರು. “ಬಂದದ್ದು ಬಂದಿರಿ. ಮೇಲೆ ನೀರಿನ ಟ್ಯಾಂಕ್ ತೆಗೆಸಿದೀನಿ. ಆ ಜಾಗಕ್ಕೆ ಇನ್ನೊಂದೆರಡು ಫಲಕ ಹಿಡಿಸುತ್ತಾ, ನೋಡಿ ಹೇಳ್ತೀರಾ?”

ಮತ್ತೊಮ್ಮೆ ಹೇಳಿದೆ, ಈ ಸಲ ಭಾವನ ಸಂಗತಿಯನ್ನೂ ಸೇರಿಸಿ. ಮೇಷ್ಟ್ರು ಮರುಗಿದರು, ನೀರು ತರಿಸಿಕೊಟ್ಟರು. ಆಮೇಲೆ ಮೆಟ್ಟಿಲ ಬಾಗಿಲಿನ ಚಿಲಕ ತೆಗೆದು ಕಾಯುತ್ತ ನಿಂತರು. ಹತ್ತಿ ಹೋಗಿ ಅಳತೆಯ ಪಟ್ಟಿ ಬಿಚ್ಚಿದೆ. ಮೂರು ಹಿಡಿಸುವಷ್ಟು ಜಾಗವಿತ್ತು.