ಲೀಲಾಧರನ ಹೆಸರಿನ ಕಾರ್ಡು

“ಗಡ್ಡ ಬಿಟ್ಟಿದ್ದನಾ ಮಗಾ? ತುಂಬ ಸಪೂರ ಆಗಿದ್ದನಾ?”

ಲೀಲಾಧರನ ತಾಯಿ ಅಕ್ಕು ಮೂರನೆಯ ಸಲ ಕೇಳಿದಾಗ, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ತಾರಾನಾಥನಿಗೆ. ಬಂದರಿನ ಮನೆಯಿಂದ ಅವಳು ಸೈಮನ್ನರ ಬೆನ್ನಿಗೇ ಅಂಗಡಿಗೆ ಓಡಿಬಂದಿದ್ದಳು. ಬೊಂಬಾಯಿ ಕಂಪೆನಿಯ ಸೈಮನ್ನರ ಕೈಯಲ್ಲಿ ಗ್ಯಾರಂಟಿ ಕಾರ್ಡುಗಳ ಕಟ್ಟಿತ್ತು.

ವಿಡಿಯೊ ಗೇಮ್ ಎಷ್ಟು ಮಾರಾಟವಾಯಿತೆಂಬುದಕ್ಕೆ ಕಂಪೆನಿ ಅಂಗಡಿಯವರ ಬಾಯಿಮಾತನ್ನು ನಂಬುತ್ತಿರಲಿಲ್ಲ. ಕೊಂಡವರ ಹೆಸರು, ವಿಳಾಸ ತುಂಬಿ ವಾಪಸು ಬಂದ ಕಾರ್ಡುಗಳದ್ದೇ ಲೆಕ್ಕ. ೧೯೮೭ರ ಜನವರಿಯಲ್ಲಿ ಇಪ್ಪತ್ತು ಹೋಗದಿದ್ದರೆ ಏಜೆನ್ಸಿಯೂ ಇಲ್ಲ, ನಿನ್ನ ಕೆಲಸವೂ ಇಲ್ಲ ಎಂದಿದ್ದರು ಧಣಿ ಮಹಾಬಲ ಶೆಟ್ಟರು. ಹೋದದ್ದು ಆರು. ಉಳಿದ ಹದಿನಾಲ್ಕು ಡಬ್ಬಿ ಅಟ್ಟ ಸೇರಿದವು. ಹದಿನಾಲ್ಕು ಕಾರ್ಡುಗಳನ್ನು ತಾರಾನಾಥನೇ ತುಂಬಿದ. ನೆಂಟರು, ನೆರೆಯವರು ಮುಗಿದ ಮೇಲೆ, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಲೀಲಾಧರನ ಹೆಸರು ಬರೆದ. ಎಷ್ಟೋ ಸಲ ಗಂಜಿ ಉಂಡ ಮನೆ, ವಿಳಾಸ ಬಾಯಿಪಾಠ. ಲೀಲಾಧರ ದೋಣಿಯ ಜೊತೆ ಕಡಲಲ್ಲಿ ಕಾಣೆಯಾಗಿ ಮೂರು ವರ್ಷವಾಗಿತ್ತು. ಯಾರಾದರೂ ವಿಚಾರಿಸಿದರೆ ಅಲ್ಲವೆನ್ನಲು ಅವನು ಬರಲಾರ ಎಂಬ ಧೈರ್ಯ. ಎಂಥ ಬುದ್ಧಿವಂತಿಕೆ! ಆ ಮನೆಯಲ್ಲಿ ತಾಯಿಯೊಬ್ಬಳಿದ್ದಾಳೆ ಎಂಬುದು ಮಾತ್ರ ಹೊಳೆಯಲಿಲ್ಲ.

ಮಂಗಳೂರಿನ ಲೆಕ್ಕ ಯಾಕೋ ಜಾಸ್ತಿ ಕಂಡಿತೆಂದು ತಪಾಸಣೆಗೆ ಬಂದ ಸೈಮನ್ನರು, “ನಿಮ್ಮ ಮಗ ಜನವರಿಯಲ್ಲಿ ಕೊಂಡ ಗೇಮ್ ಸರಿ ಉಂಟಾ?” ಎಂದು ಮನೆಗೇ ಹೋಗಿ ಅವಳನ್ನೇ ಕೇಳಿದ್ದರು.

“ಅಂಗಡಿಗೆ ಬಂದವನು ಮನೆಗೆ ಯಾಕೆ ಬರ್ಲಿಲ್ಲ?” ಅಕ್ಕು ತಾರಾನಾಥನ ಕೈ ಹಿಡಿದಳು. “ಬೇರೆಯವರ ದೋಣಿ ಮುಳುಗಿಸಿದೆ ಅಂತ ಹೆದರಿಕೆಯಾ? ಎಂತ ದೋಣಿ! ಹೋದ್ರೆ ಹೋಗ್ಲಿ.”

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆ ಮುಖ ನೋಡಿಕೊಂಡು ಸುಮ್ಮನಿರಲು ಅವನಿಂದಾಗಲಿಲ್ಲ.

“ಅವನು ಬರ್ಲಿಲ್ಲ ಅಮ್ಮ. ಹೆಸರು ಬರೆದದ್ದು ನಾನು. ಸಹಿಯೂ ನಂದೇ.”

ಸೈಮನ್ನರು ಕಾರ್ಡುಗಳ ಕಟ್ಟು ಹಿಡಿದು ಶೆಟ್ಟರ ಕೋಣೆಗೆ ನಡೆದರು. ನಾಳೆಯಿಂದ ಬರುವುದು ಬೇಡ ಎಂಬ ಮಾತು ಅಲ್ಲಿಂದ ಬರಲು ಇನ್ನು ಹೆಚ್ಚು ಹೊತ್ತು ಬೇಕಿರಲಿಲ್ಲ.

ಅಕ್ಕು ಬಯ್ಯಲಿ, ಎರಡೇಟು ಹೊಡೆಯಲಿ ಎಂದು ತಾರಾನಾಥ ಕಾದ. ಅವಳು ಇನ್ನೂ ಹತ್ತಿರ ಬಂದು ದನಿ ತಗ್ಗಿಸಿದಳು.

“ಹೀಗೆ ಹೇಳು ಅಂತ ಅವನೇ ಹೇಳಿದ್ದಲ್ವಾ? ಸಣ್ಣದಿರುವಾಗಲೂ ನೀವಿಬ್ರು ಹೀಗೆಯೇ. ಒಬ್ಬ ತಪ್ಪು ಮಾಡಿದ್ರೆ ಇನ್ನೊಬ್ಬ ಮುಚ್ಚುವುದು.”

“ಅಲ್ಲ ಅಮ್ಮ, ದೇವರಾಣೆ…”

“ಆಣೆ ಎಲ್ಲ ಹಾಕ್ಬೇಡ. ಇನ್ನೊಮ್ಮೆ ಬಂದ್ರೆ ಹೇಳು, ಅಮ್ಮನಿಗೆ ಕೋಪ ಇಲ್ಲ ಅಂತ.”

ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಅವಳು ಮೆಟ್ಟಿಲಿಳಿದಳು. ಎದುರಿನಿಂದ ಬಂದ ಯಾರೋ ಪರಿಚಯದ ಹೆಂಗಸನ್ನು ನಿಲ್ಲಿಸಿ, ಅಂಗಡಿಯ ಕಡೆ ಬೆರಳು ತೋರಿಸಿ ಏನೋ ಹೇಳತೊಡಗಿದಳು. ಅಕ್ಕು ನಗುತ್ತಿದ್ದಳು.