ಕಾಮೆಂಟ್ರಿ ಹಿಡಿಯುವ ಡಬ್ಬಿ

ನಮ್ಮವರ ಬಾಯಿಗೆ ಬ್ರೇಕಿಲ್ಲ ಎಂದು ಮದುವೆಯಾದಾಗಿನಿಂದ ಬೈದುಕೊಂಡು ಬಂದವಳು ನಾನೇ. ಆದರೆ ಡಾಕ್ಟರು, ಗಂಟಲಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಬರುವ ಸೋಮವಾರ ಆಪರೇಷನ್, ಆಮೇಲೆ ಈ ಧ್ವನಿ ಇರುವುದಿಲ್ಲ ಎಂದಾಗ, ಬೇರೆ ದಾರಿಯೇ ಇಲ್ಲವೇ ಎಂದು ಎರಡೆರಡು ಸಲ ಕೇಳಿದವಳೂ ನಾನೇ. “ಜೀವಾ ಉಳೀತದಲ್ಲ, ಸಾಕು ಬಿಡು” ಎಂದರು ಇವರು, ಕರಕರ ಗಂಟಲಲ್ಲಿ, ಆಸ್ಪತ್ರೆಯ ಮೆಟ್ಟಿಲಿಳಿಯುತ್ತ. ಸಾಕಂತೆ! ಯಾರಿಗೆ ಸಾಕು? ನನಗೆ ಸಾಲದು. ಆ ಧ್ವನಿ ನನಗೆ ಮನೆಯಲ್ಲಿ ಬೇಕಿತ್ತು.

ಮಗಳು ಕೇತಕಿ ಖರಾಡಿಯ ಆಫೀಸಿಗೆ ರಜೆ ಹಾಕಿದಳು. ಫೋನು ಹಿಡಿದು ಎದುರು ಕೂತು, “ಅಪ್ಪಾ, ಏನರೆ ಮಾತಾಡು” ಎಂದಳು. ಇವರು ಅಂಗಿಯ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, “ಎಲ್ಲರಿಗೂ ನಮಸ್ಕಾರ” ಎಂದು ನಿಲ್ಲಿಸಿಬಿಟ್ಟರು. ಇನ್ನಷ್ಟು ಎಂದರೆ ಕಣ್ಣು ಕೆಂಪಗೆ ಮಾಡಿದರು. “ಯಾಕ, ನಾ ಇರೂವಾಗನ ನನ್ನ ಧ್ವನಿಗೆ ಶ್ರಾದ್ಧಾ ಮಾಡ್ಲಿಕ್ಕೆ ಹೊಂಟೀರೇನು?” ಆಮೇಲೆ ಅವಳು ಸೋಫಾದ ದಿಂಬಿನ ಹಿಂದೆ ಫೋನು ಬಚ್ಚಿಟ್ಟಳು. ಫ್ಯಾನಿನ ಗರಗರ, ನನ್ನ ಕುಕ್ಕರಿನ ಸೀಟಿಯ ನಡುವೆ ಇವರ ಮಾತು ಒಂದೂ ತಿಳಿಯಲಿಲ್ಲ.

ಈ ಮರಾಠಿ ಊರಿನಲ್ಲಿ ಇವರು ಮೈಮರೆತು ಮಾತಾಡುವ ಜಾಗ ಒಂದೇ: ನಮ್ಮ ಬಿಬವೇವಾಡಿ ಮನೆಯ ಟಿವಿಯ ಮುಂದೆ. ಕೇತಕಿ ಕಾಲೇಜಿನಲ್ಲಿದ್ದಾಗ ತಂದ, ಟಿವಿಗೆ ಹಚ್ಚಿ ಆಡುವ ಹಳೇ ಗೇಮ್ ಕನ್ಸೋಲ್ ಒಂದಿದೆ. ಅದರಲ್ಲಿ ಅವಳು ಕ್ರಿಕೆಟ್ ಆಡುತ್ತಾಳೆ, ಇವರು ಕಾಮೆಂಟ್ರಿ ಹೇಳುತ್ತಾರೆ. ಆಟದೊಳಗೆ ಒಬ್ಬ ಇಂಗ್ಲಿಷಿನವನು ಹೇಳುವುದುಂಟು. ಅವನ ಬಾಯಿ ಮೊದಲ ದಿನವೇ ಬಂದ್ ಮಾಡಿಸಿದ್ದರು. “ಅಂವಗೇನು ತಿಳೀತದ! ಬಂದ ನೋಡ್ರಿ ಬೌಲರು, ಮೀಸಿ ತಿರುವಿಕೋತ ಬಂದಾ... ಕೇತಕಿ ಎತ್ತಿ ಬಾರಿಸ್ಯಾಳ, ಬಾಲು ಶಿರೂರ ದಾಟಿ ಹೋತ್ರೀ!” ಎಂದು ಇವರು ಕೂಗಿದರೆ ಪಕ್ಕದ ಮನೆಯವರೂ ಸ್ಕೋರು ಕೇಳುತ್ತಾರೆ.

“ಅವ್ವಾ, ಆಟಾನ ರೆಕಾರ್ಡ್ ಮಾಡೋಣು. ಅದಕ್ಕ ಅಪ್ಪ ಒಲ್ಲೆ ಅನ್ನಂಗಿಲ್ಲ” ಎಂದಳು ಕೇತಕಿ. ಕನ್ಸೋಲ್ ಹಳೆಯದು, ತಾನೇ ರೆಕಾರ್ಡ್ ಮಾಡಿಕೊಳ್ಳುವ ಸೌಕರ್ಯ ಅದರಲ್ಲಿಲ್ಲ. ಅದಕ್ಕೆ ಕ್ಯಾಪ್ಚರ್ ಕಾರ್ಡ್ ಎಂಬ ಬೇರೆ ಡಬ್ಬಿ ಬೇಕಂತೆ. ಆಟ ರೆಕಾರ್ಡ್ ಮಾಡುತ್ತೇವೆ ಎಂದಷ್ಟೇ ಹೇಳಿದ್ದಕ್ಕೆ ಇವರು ಖುಷಿಯಿಂದಲೇ ಒಪ್ಪಿದರು.

ಶನಿವಾರ ತಾಯಿ ಮಗಳು ಮಾರ್ಕೆಟ್ಟಿಗೆ ಹೋದೆವು. ಅಂಗಡಿಯ ಸ್ನೇಹಲ್ ಎಂಬ ಹುಡುಗಿ ಎರಡು ಡಬ್ಬಿ ಮುಂದಿಟ್ಟಳು. ಒಂದು ಬೆರಳಿನಷ್ಟು, ಅದನ್ನು ಹಚ್ಚಿದರೆ ಆಟ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ. ಇನ್ನೊಂದು ಅಂಗೈಯಷ್ಟು, ಎರಡು ತೂತಿನದು: ಕನ್ಸೋಲಿನ ವೈರು ಒಂದರಲ್ಲಿ ಬಂದು, ಇನ್ನೊಂದರಿಂದ ಟಿವಿಗೆ ಹೋಗುತ್ತದೆ, ರೆಕಾರ್ಡು ಲ್ಯಾಪ್‌ಟಾಪಿಗೆ. “ದೊಡ್ಡದ ತಗೋ. ಸಣ್ಣ ಪರದೆದಾಗ ನಿಮ್ಮಪ್ಪಗ ಬಾಲ್ ಕಾಣಂಗಿಲ್ಲ, ಕಾಣದಿದ್ರ ಮಾತಾಡಂಗಿಲ್ಲ” ಎಂದೆ. ಚಿತ್ರ ಎಷ್ಟು ಸ್ವಚ್ಛ ಬರುತ್ತದೆ, ತಡೆದು ತಡೆದು ಬರುತ್ತದೋ ಹೇಗೆ ಎಂದು ಕೇತಕಿ ಮರಾಠಿಯಲ್ಲಿ ಆ ಹುಡುಗಿಯ ತಲೆ ತಿಂದಳು. ಕೊನೆಗೆ ಎಲ್ಲಕ್ಕಿಂತ ಒಳ್ಳೆಯದೆಂಬುದನ್ನೇ ತಂದೆವು.

ಅಂದು ಸಂಜೆ ಇವರು ಗಂಟಲಿನ ನೋವು ಮರೆತು ಕೂಗಿದರು. ಆಟ ಮುಗಿದು ಇವರು ವಾಕಿಂಗಿಗೆ ಹೋದದ್ದೇ ತಡ, ನಾವು ಲ್ಯಾಪ್‌ಟಾಪ್ ತೆರೆದೆವು. ಬ್ಯಾಟಿನ ಟಕ್ ಬಂತು. ಜನರ ಗದ್ದಲ ಬಂತು. ಹುಲ್ಲಿನ ಎಸಳೂ ಕಾಣುತ್ತಿತ್ತು. ಇವರದು ಒಂದು ಮಾತಿಲ್ಲ.

ನೋಡಿ ನಮ್ಮ ಜಾಣತನ! ಇಷ್ಟು ವರ್ಷ ಆಟ ಹಚ್ಚಿದೊಡನೆ ಆ ಕಾಮೆಂಟ್ರಿ ಕೇಳಿ ಕೇಳಿ, ಅದು ಆಟದೊಳಗಿನದೇ ಎಂದು ನಮ್ಮಿಬ್ಬರ ತಲೆಯಲ್ಲಿ ಕೂತುಬಿಟ್ಟಿತ್ತು. ಡಬ್ಬಿ ಹಿಡಿಯುವುದು ವೈರಿನಲ್ಲಿ ಬಂದದ್ದನ್ನು. ನಮ್ಮವರು ಸೋಫಾದ ಮೇಲಿದ್ದರು. “ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ” ಎಂದು ಡಬ್ಬಿಯನ್ನು ಬೈದೆ, ಮಗಳನ್ನೂ ಬೈದೆ. ಅವಳು ಅತ್ತಳು. ಆಮೇಲೆ ನಾನೂ ಅತ್ತೆ.

ಭಾನುವಾರ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆವು. ಮೈಕ್ ಸಿಕ್ಕಿಸುವ ತೂತಿರುವ ಡಬ್ಬಿಯೂ ಇದೆ, ಆದರೆ ಅದರಲ್ಲಿ ಚಿತ್ರ ಅಷ್ಟು ನಯವಾಗಿ ಬರುವುದಿಲ್ಲ ಎಂದಳು ಸ್ನೇಹಲ್. “ಚಿತ್ರಾ ಒಲ್ಯಾಗ ಹಾಕು, ಅದನ್ನ ಕೊಡಂತ ಹೇಳು” ಎಂದೆ ಕೇತಕಿಗೆ. ಅವಳು ಮರಾಠಿಯಲ್ಲಿ ಅದನ್ನೇ ಸ್ವಲ್ಪ ಮರ್ಯಾದೆಯಿಂದ ಹೇಳಿದಳು. ಪಾಪ, ಆ ಹುಡುಗಿ ತಕರಾರಿಲ್ಲದೆ ಬದಲಿ ಕೊಟ್ಟಳು.

ಸಂಜೆ ಟೀಪಾಯಿಯ ಮೇಲೆ ಮೈಕ್ ಇಟ್ಟೆವು. ಇವರು ಅದನ್ನು ನೋಡಿದರು, ನನ್ನನ್ನು ನೋಡಿದರು. ನಮಗೆ ಬೇಕಾದದ್ದು ಆಟವಲ್ಲ, ತಮ್ಮ ಧ್ವನಿ ಎಂದು ಗೊತ್ತಾಗಿಹೋಯಿತು. ಕೇತಕಿ ಸಿಕ್ಸರ್ ಹೊಡೆದರೂ ತುಟಿ ಬಿಚ್ಚಲಿಲ್ಲ. ಸಿಟ್ಟಲ್ಲ ಅದು, ಹೆದರಿಕೆ. ನಾಳೆ ಬೆಳಿಗ್ಗೆ ಆಸ್ಪತ್ರೆ.

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. “ಕೊಡಿಲ್ಲೆ ಅದನ್ನ” ಎಂದು ಮಗಳ ಕೈಯಿಂದ ಆಟದ ರಿಮೋಟು ಕಸಿದುಕೊಂಡೆ. ಜನ್ಮದಲ್ಲಿ ಮುಟ್ಟಿದವಳಲ್ಲ. ಸಿಕ್ಕ ಗುಂಡಿ ಒತ್ತಿದೆ. ಬಾಲು ಕೀಪರನ ಕೈ ಸೇರಿದ ಮೇಲೆ ನನ್ನ ಬ್ಯಾಟು ಎದ್ದಿತು. ಇವರ ಮೂಗಿನಿಂದ ಒಂದು ನಗೆ ಬಂತು. ಮುಂದಿನ ಬಾಲಿಗೂ ಅದೇ ಕಥೆ.

“ಅಯ್ಯಯ್ಯೋ! ಬಾಲು ಹೋಗಿ ಚಹಾ ಕುಡದು ಕೂತದ, ಈಗ ಗೋದಾ ಬ್ಯಾಟ್ ಎತ್ಯಾಳ್ರೀ!”

ಗೋದಾ. ನನ್ನ ಹೆಸರು. ನಮ್ಮ ಮನೆತನದಲ್ಲಿ ಗಂಡನಾದವನು ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಮದುವೆಯ ದಿನ ಎಲ್ಲರೂ ಕಾಡಿದ್ದಕ್ಕೆ ಒಡಪು ಕಟ್ಟಿ, ಪದ್ಯದ ಸಾಲಿನಲ್ಲಿ ಹೆಸರು ಪೋಣಿಸಿ, ಒಮ್ಮೆ ಹೇಳಿದ್ದರು. ಅತ್ತೆ ಮಾವನ ಮುಂದೆ ಶುರುವಾದ “ಏ”, “ಕೇಳಿದೇನ” ಅವರು ಹೋದ ಮೇಲೂ ಹಾಗೆಯೇ ಉಳಿಯಿತು. ಆದರೆ ಕಾಮೆಂಟ್ರಿ ಹೇಳುವವರು ಆಡುವವರ ಹೆಸರು ಹೇಳಲೇಬೇಕಲ್ಲ!

“ಗೋದಾ ಔಟ್! ಹೊಸಾ ಬ್ಯಾಟ್ಸಮನ್ ಬಂದಾನ, ಆದ್ರ ಆಡಾಕಿ ಗೋದಾನ... ಮತ್ತ ಗೋದಾ ಔಟ್ ರೀ!” ಇವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಮೈಕಿನ ನೆನಪೇ ಇರಲಿಲ್ಲ. ಇವರ ಒಂದೊಂದು ಕೂಗಿಗೂ ಲ್ಯಾಪ್‌ಟಾಪಿನಲ್ಲಿ ಧ್ವನಿ ತೋರಿಸುವ ಹಸಿರು ಗೆರೆ ಎದ್ದೇಳುತ್ತಿತ್ತು.

ಕೇತಕಿ ನನ್ನ ಕಿವಿಯ ಹತ್ತಿರ ಬಗ್ಗಿ, “ಅವ್ವಾ, ಬಾಲ್ ಬಂದಾಗ ಈ ಗುಂಡಿ ಒತ್ತು, ಔಟ್ ಆಗಂಗಿಲ್ಲ” ಎಂದಳು.

ನಾನು ಒತ್ತಲಿಲ್ಲ. ಹತ್ತೂ ವಿಕೆಟ್ಟು ಒಪ್ಪಿಸಿ, “ಇನ್ನೊಂದು ಮ್ಯಾಚ್ ಹಚ್ಚು” ಎಂದೆ.